ಗ್ಯಾಸ್ ಸಿಲಿಂಡರ್ ತೂಕದ ಆಂಪು, ಹೊಸ ಸ್ಪೀಕರು

ಫೆಂಡರ್ ಟ್ವಿನ್ ರಿವರ್ಬ್ ಅನ್ನೋ ಗಿಟಾರ್ ಆಂಪನ್ನ (ಆಂಪ್ಲಿಫೈಯರ್) ಒಂದ್ಸಲ ಎತ್ತಿರೋರಿಗೆ ಹೇಳಬೇಕಾಗಿಲ್ಲ, ಹತ್ತಿರ ಹತ್ತಿರ 29 ಕೆಜಿ, ಅಂದ್ರೆ ಹೆಚ್ಚುಕಮ್ಮಿ ಒಂದು ತುಂಬಿದ ಗ್ಯಾಸ್ ಸಿಲಿಂಡರ್. ನಮ್ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ನಂದು 65 ರೀಇಶ್ಯೂ, ಹಳೇ ಅರವತ್ತರ ದಶಕದ ಮಾಡೆಲ್ಲನ್ನ ತೊಂಬತ್ತರ ದಶಕದಲ್ಲಿ ಮತ್ತೆ ಮಾಡೋಕೆ ಶುರು ಮಾಡಿದ್ರಲ್ಲ ಅದು, ಕಸಿನ್ ಅಮೆರಿಕದಿಂದ ವಾಪಸ್ ಬರೋವಾಗ ಸಾಮಾನಿನ ಜೊತೆ ತಂದಿದ್ದು, ಹಾಗಾಗಿ 120 ವೋಲ್ಟಿಂದು, ನಮ್ಮ ಕರೆಂಟಿನ ವೋಲ್ಟೇಜ್ ಇಳಿಸೋಕೆ ಅದಕ್ಕೊಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇರೆ ಹೊರಬೇಕು.

ಒಳಗಿದ್ದಿದ್ದು ಎರಡು 12 ಇಂಚಿನ ಜೆನ್ಸೆನ್ ಸಿ12ಕೆ ಸ್ಪೀಕರು. ಕ್ಲೀನ್ ಸೌಂಡಿಗೆ ಚೆನ್ನಾಗೇ ಇದ್ವು, ಆದ್ರೆ ಸೌಂಡನ್ನ ಒರಟು ಮಾಡೋ ಓವರ್‌ಡ್ರೈವ್ ಪೆಡಲ್ ಒತ್ತಿದ ತಕ್ಷಣ ಟ್ರೆಬಲ್ ಕಿವಿಗೆ ಸೂಜಿ ಚುಚ್ಚಿದ ಹಾಗೆ. ಮೂರು ವರ್ಷ ಪೆಡಲ್ ಮೇಲೆ ಪೆಡಲ್ ಬದಲಾಯಿಸಿ ದುಡ್ಡು ಹಾಳು ಮಾಡಿಕೊಂಡೆ, ಸ್ಪೀಕರ್ ಬಗ್ಗೆ ತಲೆ ಕೆಡಿಸ್ಕೊಳ್ಳಲೇ ಇಲ್ಲ.

ಮೊದಲು ಆಸೆ ಇದ್ದಿದ್ದು ಸೆಲೆಶನ್ ಕಂಪನಿಯ ಸ್ಪೀಕರ್ ಗ್ರೀನ್‌ಬ್ಯಾಕ್ ಮೇಲೆ. ಆದ್ರೆ ಅದು ಒಂದೊಂದು 25 ವಾಟ್, ಎರಡೂ ಸೇರಿ 50, ಈ ಆಂಪು ಕೊಡೋದು 85 ವಾಟ್, ವಾಲ್ಯೂಮ್ ಏರಿಸಿದ ದಿನ ಕಾಯಿಲ್ ಸುಟ್ಟು ಹೋಗುತ್ತೆ. ಕೊನೆಗೆ ಅದೇ ಕಂಪನಿಯ ನಿಯೋ ಕ್ರೀಮ್‌ಬ್ಯಾಕ್ ತಗೊಂಡೆ, ಒಂದೊಂದು 60 ವಾಟ್, ಮ್ಯಾಗ್ನೆಟ್ ನಿಯೋಡೈಮಿಯಂ ಆಗಿರೋದ್ರಿಂದ ತೂಕ ಎರಡು ಕೆಜಿನೂ ಇಲ್ಲ. ಹಳೇವು ಒಂದೊಂದೂ ನಾಲ್ಕು ಕೆಜಿ ಮೇಲೆ. ತರಿಸೋವಾಗ ಇಂಪೀಡೆನ್ಸ್, ಅಂದ್ರೆ ಕರೆಂಟಿಗೆ ಸ್ಪೀಕರ್ ಒಡ್ಡೋ ತಡೆ, 8 ಓಮ್‌ದೇ ಅಂತ ಎರಡೆರಡು ಸಲ ನೋಡಿ, ಟ್ವಿನ್‌ನಲ್ಲಿ ಎರಡು 8 ಓಮ್ ಪ್ಯಾರಲಲ್ ಆಗಿ 4 ಓಮ್ ಆಗುತ್ತೆ, ಆಂಪಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೇಳೋದೂ ಅದನ್ನೇ. ಇನ್ನೊಂದು, ಇದು ವಾಲ್ವ್ ಆಂಪು (ಟ್ರಾನ್ಸಿಸ್ಟರ್ ಬದಲು ಗಾಜಿನ ಟ್ಯೂಬ್ ಇರೋದು), ಸ್ಪೀಕರ್ ವೈರ್ ಕಿತ್ತಿಟ್ಟು ಸುಮ್ನೆ ಆನ್ ಮಾಡಿ ನೋಡೋಣ ಅಂತ ಮಾತ್ರ ಹೋಗಬೇಡಿ, ಆಂಪೇ ಕೆಡಬಹುದು.

ಭಾನುವಾರ ಬೆಳಿಗ್ಗೆ ಹಾಲ್‌ನಲ್ಲಿ ಬೆಡ್‌ಶೀಟ್ ಹಾಸಿ, ಆಂಪನ್ನ ಮುಖ ಕೆಳಗೆ ಮಾಡಿ ಮಲಗಿಸಿ ಹಿಂದಿನ ಹಲಗೆ ಬಿಚ್ಚಿ, ಹಳೇ ಸ್ಪೀಕರ್ ತೆಗೆದು ಹೊಸದನ್ನ ಕೂರಿಸಿದೆ. ನಟ್ಟುಗಳನ್ನ ಎದುರುಬದುರು ಸ್ವಲ್ಪ ಸ್ವಲ್ಪನೇ ಬಿಗಿ ಮಾಡಬೇಕು, ಒಂದೇ ಕಡೆ ತಿರುಪಿದ್ರೆ ಫ್ರೇಮ್ ಸೊಟ್ಟ ಆಗುತ್ತೆ. ಅರ್ಧ ಗಂಟೆ ಕೆಲಸ. ಎತ್ತಿ ನಿಲ್ಲಿಸಿ, ಆನ್ ಮಾಡಿ, ಗಿಟಾರಲ್ಲಿ ಒಂದು E ಕಾರ್ಡ್ ಬಾರಿಸಿದೆ.

ಬೇಸೇ ಇಲ್ಲ! ಅಡುಗೆಮನೆಯಿಂದ ಅಮ್ಮ, "ಏನೋ ಅದು, ಡಬ್ಬದೊಳಗಿಂದ ಬಂದ ಹಾಗೆ ಕೇಳ್ತಿದೆ?"

ನನಗೆ ಅಳು ಬರೋದೊಂದು ಬಾಕಿ. ಆಂಪ್ ಆಫ್ ಮಾಡಿ ಸ್ಪೀಕರ್ ಜಾಕ್ ಎಳೆದು, ಅದರ ತುದಿಗೆ 9 ವೋಲ್ಟ್ ಬ್ಯಾಟರಿ ಪ್ಲಸ್ಸು, ಬುಡಕ್ಕೆ ಮೈನಸ್ಸು ಒಂದು ಕ್ಷಣ ಮುಟ್ಟಿಸಿ ಸ್ಪೀಕರುಗಳ ಕೋನ್, ಅಂದ್ರೆ ಮುಂದಿನ ಕಾಗದದ ಭಾಗ, ನೋಡಿದೆ. ಎರಡೂ ಮುಂದಕ್ಕೆ ಬರಬೇಕು. ಒಂದು ಟಪ್ ಅಂತ ಮುಂದೆ ಬಂತು, ಇನ್ನೊಂದು ಹಿಂದಕ್ಕೆ ಹೋಯ್ತು. ಒಂದು ಗಾಳಿ ತಳ್ಳಿದ್ರೆ ಇನ್ನೊಂದು ಎಳ್ಕೊಳ್ತಿತ್ತು, ಬೇಸ್ ಎಲ್ಲಿಂದ ಬರಬೇಕು? ಆ ಒಂದಕ್ಕೆ ಮಾತ್ರ, ಹಳೇ ಸ್ಪೀಕರ್‌ನಲ್ಲಿ ಪ್ಲಸ್ ಯಾವ ಪಕ್ಕ ಇತ್ತೋ ಹೊಸದರಲ್ಲೂ ಅದೇ ಪಕ್ಕ ಅಂತ ಗುರುತು ನೋಡದೆ ಚುಚ್ಚಿಬಿಟ್ಟಿದ್ದೆ. ವೈರ್ ಅದಲುಬದಲು ಮಾಡೋಕೆ ಎರಡು ನಿಮಿಷ.

ಆಮೇಲೆ ಬಂದಿದ್ದೇ ಬೇರೆ ಆಂಪು. ಬೇಸು ಟ್ರೆಬಲ್ ನಡುವಿನ ಮಿಡ್ ತುಂಬ್ಕೊಂಡಿದೆ, ಮೂಲೆಯಲ್ಲಿ ಸೇರಿಹೋಗಿದ್ದ ಪೆಡಲ್ಲೊಂದು ಈಗ ಮತ್ತೆ ಪೆಡಲ್ ಬೋರ್ಡ್ ಮೇಲೆ ಬಂದಿದೆ. ಹೊಸ ಸ್ಪೀಕರ್ ಪಳಗೋಕೆ ತಿಂಗಳುಗಟ್ಟಲೆ ಬೇಕು ಅಂತಾರಲ್ಲ, ನನ್ನ ಕೇಳಿದ್ರೆ ಅರ್ಧ ಪಳಗೋದು ನಮ್ಮ ಕಿವಿನೇ. ಆದ್ರೆ ಜೆನ್ಸೆನ್‌ನಲ್ಲಿದ್ದ ಆ ಗಾಜಿನಂಥ ಕ್ಲೀನ್ ಸೌಂಡು ಸ್ವಲ್ಪ ಮಂಕಾಗಿದೆ, ಸುಳ್ಳು ಯಾಕೆ ಹೇಳ್ಲಿ. ಅದಕ್ಕೇ ಹಳೇವನ್ನ ಹೊಸವು ಬಂದ ಡಬ್ಬದಲ್ಲೇ ಹಾಕಿ ಮಂಚದ ಕೆಳಗೆ ಇಟ್ಟಿದ್ದೀನಿ, ಅಮ್ಮ ಗುಜರಿಯವನು ಬಂದಾಗಲೆಲ್ಲ ಒಂದ್ಸಲ ಆ ಕಡೆ ನೋಡ್ತಾರೆ.