ಟೈಮ್ ಆಫೀಸಿಗೆ ಬರುವ ಜಾಯ್ನಿಂಗ್ ಲೆಟರ್‌ಗಳು

ನಾನಿರುವುದು ಹುಬ್ಬಳ್ಳಿ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ. ಹಾಜರಿ, ಗೇಟ್ ಪಾಸ್, ಕಾಂಟ್ರಾಕ್ಟರ್ ಬಿಲ್ಲು, ಪಿಎಫ್ ಚಲನ್, ಇಷ್ಟು ನನ್ನ ಪಾಲಿನ ಕೆಲಸ. ನೇಮಕಾತಿಗೂ ನನಗೂ ಸಂಬಂಧವಿಲ್ಲ. ಆದರೂ ನಕಲಿ ಜಾಯ್ನಿಂಗ್ ಲೆಟರ್ ಹಿಡಿದು ಬಂದವರು ಮೊದಲು ಬಂದು ನಿಲ್ಲುವುದು ನನ್ನ ಹತ್ತಿರವೇ. ಸೆಕ್ಯುರಿಟಿಯವರು "ಟೈಮ್ ಆಫೀಸ್‌ನ್ಯಾಗ ಕೇಳ್ರಿ" ಅಂತ ಕಳಿಸಿಬಿಡುತ್ತಾರೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಐಟಿಐ ಫಲಿತಾಂಶ ಬಂದ ಮೇಲಿನ ತಿಂಗಳುಗಳಲ್ಲಿ ಈ ಓಡಾಟ ಜಾಸ್ತಿ. ಕುಂದಗೋಳ, ನವಲಗುಂದ, ಕಲಘಟಗಿ, ಶಿಗ್ಗಾವಿ, ಮುಂಡರಗಿ ಕಡೆಯ ಹುಡುಗರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರ ಜೊತೆ ಅವ್ವಂದಿರೂ ಬರತೊಡಗಿದ್ದಾರೆ. ಬಸ್ಸಿನ ಖರ್ಚಿಲ್ಲವಲ್ಲ. ನನ್ನ ಪ್ರಕಾರ ಇದು ಒಳ್ಳೆಯದೇ ಆಯಿತು. ಹುಡುಗರು ಕೇಳಲು ನಾಚುವ ಪ್ರಶ್ನೆಗಳನ್ನು ಅವ್ವಂದಿರು ನೇರ ಕೇಳುತ್ತಾರೆ.

ಲೆಟರ್ ಹೇಗಿರುತ್ತದೆ ಅಂದರೆ, ಇತ್ತೀಚೆಗೆ ಬಂದದ್ದೊಂದನ್ನೇ ತಗೊಳ್ಳಿ. ಮೇಲೆ ನಮ್ಮ ಕಂಪನಿಯ ಲೋಗೋ ಇತ್ತು, ಆದರೆ ಅಡ್ಡಕ್ಕೆ ಎಳೆದು ಹಿಗ್ಗಿಸಿದ್ದರು. ವಿಳಾಸ ತಾರಿಹಾಳದ್ದು, ಪಿನ್ ಕೋಡ್ ಮಾತ್ರ 560ರಿಂದ ಶುರು, ಅಂದರೆ ಬೆಂಗಳೂರಿನದು. ನಮ್ಮ ಕಡೆಯದು 580. ಕೆಳಗೆ ಒಂದು ಜಿಎಸ್‌ಟಿ ನಂಬರ್. ಅದರ ಮೊದಲ ಎರಡು ಅಂಕಿ ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಇಲ್ಲಿದ್ದದ್ದು 07, ದೆಹಲಿ. ಸೀಲು ಒತ್ತಿದ್ದಲ್ಲ, ಕಲರ್ ಪ್ರಿಂಟಲ್ಲೇ ಬಂದದ್ದು. ಬೆರಳಾಡಿಸಿದರೆ ಕಾಗದ ನುಣ್ಣಗೇ ಇತ್ತು. ಹೆಲ್ಪರ್ ಕೆಲಸಕ್ಕೆ ಪಗಾರ 32,500. "ಗೇಟ್ ನಂಬರ್ 2ಕ್ಕೆ ಬೆಳಗ್ಗೆ 9ಕ್ಕೆ ಹಾಜರಾಗಬೇಕು" ಅಂತ ಬರೆದಿದ್ದರು. ನಮ್ಮಲ್ಲಿರುವುದು ಒಂದೇ ಗೇಟು. ಇಷ್ಟಕ್ಕೆಲ್ಲ ಆ ಹುಡುಗ ಗೇಟ್ ಪಾಸ್ ಮತ್ತು ಯೂನಿಫಾರ್ಮ್ ಹೆಸರಲ್ಲಿ 2,350 ರೂಪಾಯಿ ಫೋನ್‌ಪೇ ಮಾಡಿದ್ದ. ಅವ್ವನ ಗೃಹಲಕ್ಷ್ಮಿ ರೊಕ್ಕ, ಮೇಲೊಂದಿಷ್ಟು ಕೈಗಡ. ರೊಕ್ಕ ಹೋಗಿದ್ದು ಯಾವುದೋ ವ್ಯಕ್ತಿಯ ಹೆಸರಿನ ಖಾತೆಗೆ. ಈ 2,350 ಅನ್ನುವ ಅಂಕಿಯಲ್ಲೇ ಕಸುಬುದಾರಿಕೆ ಇದೆ. 2,000 ಅಂದರೆ ಲಂಚ ಅನ್ನಿಸುತ್ತದೆ, 2,350 ಅಂದರೆ ಎಲ್ಲೋ ರಸೀದಿ ಇರುವ ಲೆಕ್ಕ ಅನ್ನಿಸುತ್ತದೆ.

ಇಂಥದ್ದು ನಡೆದಾಗೆಲ್ಲ ವಾಟ್ಸ್ಆ್ಯಪ್‌ನಲ್ಲಿ ಬುದ್ಧಿಮಾತು ಓಡಾಡುತ್ತದೆ: ಕಂಪನಿ ವೆಬ್‌ಸೈಟ್ ನೋಡಿ ಖಾತ್ರಿ ಮಾಡಿಕೊಳ್ಳಿ ಅಂತ. ಎಂಜಿನಿಯರ್ ಆಗುವವನಿಗೆ ಅದು ಸರಿ. ಹೆಲ್ಪರ್, ಲೋಡಿಂಗ್, ಪ್ಯಾಕಿಂಗ್, ಹೌಸ್‌ಕೀಪಿಂಗ್ ಕೆಲಸಕ್ಕೆ ಯಾವ ಕಂಪನಿಯೂ ವೆಬ್‌ಸೈಟ್‌ನಲ್ಲಿ ಹಾಕುವುದಿಲ್ಲ. ಪ್ರೊಡಕ್ಷನ್‌ನವರು ಕಾಂಟ್ರಾಕ್ಟರ್‌ಗೆ ಫೋನ್ ಮಾಡುತ್ತಾರೆ, ಅವನು ಸೂಪರ್‌ವೈಸರ್‌ಗೆ ಹೇಳುತ್ತಾನೆ, ಸೂಪರ್‌ವೈಸರ್ ತನ್ನೂರಿನ ಹುಡುಗರಿಗೆ ಹೇಳುತ್ತಾನೆ. ನಿಜವಾದ ಕೆಲಸವೂ ಬಾಯಿಂದ ಬಾಯಿಗೇ ಬರುವುದರಿಂದ ಸುಳ್ಳು ಕೆಲಸ ಅದರ ಪಕ್ಕದಲ್ಲೇ ಬಂದು ಕೂತರೂ ಗೊತ್ತಾಗುವುದಿಲ್ಲ. ವೆಬ್‌ಸೈಟ್‌ನಲ್ಲಿ ಇಲ್ಲ ಅಂದ ಮಾತ್ರಕ್ಕೆ ಸುಳ್ಳೂ ಅಲ್ಲ. ಅದಕ್ಕೇ ನಾನು ಹುಡುಗರಿಗೆ ಹೇಳುವುದು ಬೇರೆ: ಶಿಫ್ಟ್ ಬಿಡುವ ಹೊತ್ತಿಗೆ ಆ ಕಾರ್ಖಾನೆ ಎದುರಿನ ಚಹಾದಂಗಡಿಗೆ ಬಂದು ನಿಲ್ಲು. ಹೊರಗೆ ಬರುವವರನ್ನು ಕೇಳು. ಯಾವ ಕಾಂಟ್ರಾಕ್ಟರ್, ಯಾವ ತಾರೀಖಿಗೆ ಪಗಾರ, ಪಿಎಫ್ ಬೀಳುತ್ತದೋ ಇಲ್ಲವೋ, ಸೇರುವಾಗ ಏನಾದರೂ ಕೊಟ್ಟಿರಾ. ಒಂದು ಚಹಾದಲ್ಲಿ ಸಿಗುವ ಮಾಹಿತಿ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ.

ಕಾಂಟ್ರಾಕ್ಟರ್‌ಗೆ ರೊಕ್ಕ ಎಲ್ಲಿಂದ ಬರುತ್ತದೆ ಅನ್ನುವುದು ನಮ್ಮ ಹುಡುಗರಿಗೆ ಗೊತ್ತೇ ಇಲ್ಲ. ತಿಂಗಳು ಮುಗಿದ ಮೇಲೆ ಅವನು ನನ್ನ ಟೇಬಲ್ಲಿಗೆ ಒಂದು ಫೈಲ್ ತರುತ್ತಾನೆ. ಮಸ್ಟರ್ ಅಂದರೆ ಹಾಜರಿ ಪುಸ್ತಕ, ಪಗಾರ ಪಟ್ಟಿ, ಬ್ಯಾಂಕಿಗೆ ಹಾಕಿದ ದಾಖಲೆ, ಪಿಎಫ್ ಮತ್ತು ಇಎಸ್‌ಐ (ಕಾರ್ಮಿಕರ ವಿಮೆ) ಚಲನ್. ಒಟ್ಟು ಪಗಾರದ ಮೇಲೆ ತನ್ನ ಸರ್ವಿಸ್ ಚಾರ್ಜ್ ಹಾಕುತ್ತಾನೆ, ಎರಡೂ ಕೂಡಿದ ಮೊತ್ತದ ಮೇಲೆ ಶೇ 18 ಜಿಎಸ್‌ಟಿ. ಅವನ ಗಳಿಕೆ ಆ ಸರ್ವಿಸ್ ಚಾರ್ಜು, ಅದನ್ನು ಕೊಡುವುದು ಕಂಪನಿ. ಹುಡುಗರು ಕಡಿಮೆ ಬಿದ್ದ ದಿನ ಪ್ರೊಡಕ್ಷನ್‌ನವರು ಅವನ ತಲೆ ತಿನ್ನುತ್ತಾರೆ. ಅಂದರೆ ಹುಡುಗರು ಬೇಕಾಗಿರುವುದು ಅವನಿಗೆ. ಕೆಲಸಕ್ಕೆ ಕರೆಯುವವನೇ ರೊಕ್ಕ ಕೇಳಿದರೆ ಅಲ್ಲಿ ಲೆಕ್ಕ ತಲೆಕೆಳಗಾಗಿದೆ. ಕಾನೂನೂ ಇದನ್ನೇ ಹೇಳುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಅಂತ ಒಂದಿದೆ. ಗುತ್ತಿಗೆ ಕಾರ್ಮಿಕರಿಂದ ಕಾಂಟ್ರಾಕ್ಟರ್ ನೇರವಾಗಿಯಾಗಲಿ ಸುತ್ತಿಬಳಸಿಯಾಗಲಿ ಯಾವ ಫೀಜನ್ನೂ ಕಮಿಷನ್ನನ್ನೂ ತಗೊಳ್ಳುವಂತಿಲ್ಲ ಅಂತ ಅದರಲ್ಲಿ ಬರೆದಿದೆ. ನೇಮಕಾತಿ ಪತ್ರ ಕೊಡುವುದೂ ಕಡ್ಡಾಯ. ಕಾಂಟ್ರಾಕ್ಟರ್ ಪಗಾರ ಕೊಡದೆ ಕೈ ಎತ್ತಿದರೆ ಕಂಪನಿಯೇ ಕೊಡಬೇಕು ಅನ್ನುವುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇತ್ತು, ಈಗಿನ ಸಂಹಿತೆಯಲ್ಲೂ ಇದೆ.

ಇಷ್ಟು ಹೇಳಿದರೂ, ಪೂರ್ತಿ ಸುಳ್ಳು ಲೆಟರ್ ನನಗೆ ಅಷ್ಟು ದೊಡ್ಡ ತಲೆನೋವು ಅನ್ನಿಸುವುದಿಲ್ಲ. ಗೇಟಿಗೆ ಬಂದ ದಿನವೇ ಅದರ ಬಣ್ಣ ಬಯಲಾಗುತ್ತದೆ. ಅರ್ಧ ನಿಜ ಇರುವುದೇ ಕಷ್ಟ. ಕೆಲಸ ನಿಜ, ಕಾಂಟ್ರಾಕ್ಟರ್ ನಿಜ, ಲೈಸೆನ್ಸ್ ನಿಜ, ನಡುವೆ ಒಬ್ಬ ರೊಕ್ಕ ತಿನ್ನುತ್ತಿರುತ್ತಾನೆ. ಇದು ನಮ್ಮಲ್ಲೇ ನಡೆಯಿತು. ಒಬ್ಬ ಹುಡುಗನ ತಾಯಿ ಬಂದು ಕೈಮುಗಿದು ನಿಂತರು.

"ಸರ, ಈ ತಿಂಗಳದ್ದು ಐದನೂರು ಬಿಡ್ರಿ. ಅವಂಗ ಜ್ವರ ಬಂದು ಹಾಜರಿ ಭಾಳ ಹೋಗೈತಿ."

"ಯಾವ ಐದನೂರು, ಯವ್ವಾ?"

"ಅದ ರೀ, ತಿಂಗಳಾ ಕಂಪನಿಗೆ ಕೊಡತೇವಲ್ಲ."

ಆ ತಾಯಿಯ ಲೆಕ್ಕದಲ್ಲಿ ಅದು ಕಂಪನಿಯ ಫೀಜು. ನಾನು ರಸೀದಿ ಕೊಡುತ್ತೇನೆ ಅಂತ ಅವರು ತಿಳಿದಿದ್ದರು. ವಿಚಾರಿಸಿದರೆ, ಕಾಂಟ್ರಾಕ್ಟರ್‌ನ ಸೂಪರ್‌ವೈಸರ್ ಸೇರುವಾಗ ಪ್ರತಿಯೊಬ್ಬರಿಂದ ಮೂರು ಸಾವಿರ, ಆಮೇಲೆ ತಿಂಗಳಿಗೆ ಐದುನೂರು ವಸೂಲಿ ಮಾಡುತ್ತಿದ್ದ. ಕೊಡದವನಿಗೆ ನೈಟ್ ಶಿಫ್ಟ್, ಇಲ್ಲವೇ "ನಾಳೆ ಬರಬ್ಯಾಡ". ನನ್ನ ಫೈಲಿನಲ್ಲಿ ಮಾತ್ರ ಎಲ್ಲ ಸ್ವಚ್ಛ. ಬ್ಯಾಂಕಿಗೆ ಪೂರ್ತಿ ಪಗಾರ ಬಿದ್ದಿತ್ತು, ಚಲನ್ ಸರಿಯಿತ್ತು. ಹುಡುಗರು ಎಟಿಎಂನಿಂದ ತೆಗೆದು ಕೈಯಾರೆ ಕೊಡುತ್ತಿದ್ದರು, ಅದಕ್ಕೆ ಎಲ್ಲಿಯ ದಾಖಲೆ? ಪಗಾರ ಕೈಗೆ ಕೊಡುತ್ತಿದ್ದ ಕಾಲದಲ್ಲಿ ಕಂಪನಿಯ ಕಡೆಯ ಒಬ್ಬರು ಎದುರಿಗೆ ನಿಂತು ಸಹಿ ಮಾಡಬೇಕಿತ್ತು, 1970ರ ಕಾಯ್ದೆಯಲ್ಲೇ ಹಾಗಿತ್ತು. ಬ್ಯಾಂಕಿಗೆ ಹೋಗತೊಡಗಿದ ಮೇಲೆ ನಿಲ್ಲುವ ಪ್ರಮೇಯವಿಲ್ಲ. ಬ್ಯಾಂಕ್ ಪಗಾರ ಒಳ್ಳೆಯದೇ, ಆದರೆ ಎಟಿಎಂ ಆಚೆಗೆ ಏನಾಗುತ್ತದೆ ಅಂತ ಅದು ಹೇಳುವುದಿಲ್ಲ.

ಎಚ್ಆರ್‌ನವರು ಕಾಂಟ್ರಾಕ್ಟರ್‌ನನ್ನು ಕರೆಸಿದರು. ಸೂಪರ್‌ವೈಸರ್‌ನನ್ನು ತೆಗೆದರು. ಕೇಳಿದ ಕೆಲವರಿಗೆ ರೊಕ್ಕ ವಾಪಸ್ ಬಂತು, ಕೇಳದವರಿಗೆ ಇಲ್ಲ. ಕೆಲವು ತಿಂಗಳು ಬಿಟ್ಟು ಅದೇ ಮನುಷ್ಯ ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಇನ್ನೊಂದು ಗೇಟಿನ ಮುಂದೆ ಹುಡುಗರನ್ನು ಇಳಿಸುತ್ತಿದ್ದುದನ್ನು ನಮ್ಮ ಡ್ರೈವರ್ ನೋಡಿ ಬಂದ.

ಆಮೇಲೆ ಗೇಟಿಗೆ ಒಂದು ಬೋರ್ಡ್ ಹಾಕೋಣ ಅಂತಾಯಿತು. ಇಲ್ಲಿ ಕೆಲಸಕ್ಕೆ ಯಾರಿಗೂ ರೊಕ್ಕ ಕೊಡಬೇಕಾಗಿಲ್ಲ, ನಮ್ಮ ಕಾಂಟ್ರಾಕ್ಟರ್‌ಗಳು ಇಂಥಿಂಥವರು ಅಂತ. ಮೇಲಿನವರು ಹೆಸರು ಹಾಕಲು ಹಿಂದೆಮುಂದೆ ನೋಡಿದರು, ಕಡೆಗೆ ಒಪ್ಪಿದರು. ಬೋರ್ಡ್ ಹಾಕಿದ ಸ್ವಲ್ಪ ದಿನಕ್ಕೇ ಒಬ್ಬ ಏಜೆಂಟ್ ಅದರದೇ ಫೋಟೋ ತೆಗೆದು ಗ್ರೂಪಿನಲ್ಲಿ ಹಾಕಿ, "ನೋಡ್ರಿ, ಬೋರ್ಡಿನ್ಯಾಗ ಹೆಸರೈತಿ, ನಾನು ಇವರ ಮನುಷ್ಯಾ" ಅಂತ ವಸೂಲಿ ಶುರು ಮಾಡಿದ. ಈಗ ಪ್ರತಿ ಹೆಸರಿನ ಮುಂದೆ ಕಾಂಟ್ರಾಕ್ಟರ್ ಆಫೀಸಿನ ನಂಬರ್ ಹಾಕಿಸಿದ್ದೇವೆ, "ಇವರಿಗೆ ಏಜೆಂಟರಿಲ್ಲ" ಅನ್ನುವ ಸಾಲನ್ನು ಕೆಂಪಕ್ಷರದಲ್ಲಿ ಸೇರಿಸಿದ್ದೇವೆ. ಇದನ್ನೂ ಅವರು ಹೇಗೋ ಬಳಸಿಕೊಂಡಾರು, ನೋಡಬೇಕು.

ಪಗಾರದ ಅಂಕಿಯ ವಿಷಯಕ್ಕೂ ಒಂದು ಮಾತು. ಜಾಹೀರಾತಿನಲ್ಲಿ 18,000 ಅಂತಿರುತ್ತದೆ, ಕೈಗೆ ಬರುವುದು ಅದಕ್ಕಿಂತ ಎಷ್ಟೋ ಕಡಿಮೆ. ಲೆಕ್ಕಕ್ಕೆ 14,000 ಪಗಾರ ಅಂತ ಇಟ್ಟುಕೊಳ್ಳಿ. ಪಿಎಫ್ ಶೇ 12, ಅಂದರೆ 1,680. ಇಎಸ್‌ಐ ಶೇ 0.75, ಅಂದರೆ 105. ಕೈಗೆ 12,215. ಇದಕ್ಕೆ ಮಾಲೀಕನ ಪಾಲಿನ ಪಿಎಫ್, ಅವನ ಶೇ 3.25 ಇಎಸ್‌ಐ, ಬೋನಸ್ ಎಲ್ಲ ಕೂಡಿಸಿದರೆ 17 ಸಾವಿರ ದಾಟುತ್ತದೆ. ಏಜೆಂಟ್ ಗೋಡೆಗೆ ಅಂಟಿಸುವುದು ಆ ದೊಡ್ಡ ಅಂಕಿಯನ್ನು. ಇದು ಪೂರ್ತಿ ಮೋಸ ಅನ್ನಲಾಗದು, ಸತ್ಯವಂತೂ ಅಲ್ಲ. "ಕೈಗೆ ಎಷ್ಟು ಬರತೈತಿ, ಎಂಟು ತಾಸಿಗೋ ಹನ್ನೆರಡು ತಾಸಿಗೋ" ಅಂತ ಕೇಳಿದರೆ ಅರ್ಧ ಜನ ಅಲ್ಲೇ ತಡವರಿಸುತ್ತಾರೆ.

ಪಿಎಫ್ ಕಡಿತ ಮಾಡಿ ಕಟ್ಟದೇ ಇರುವವರೂ ಇದ್ದಾರೆ. ಒಂದು ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ನಿಮ್ಮ ಪಿಎಫ್‌ನ ಯುಎಎನ್ ನಂಬರ್ ಇಸಿದುಕೊಂಡು ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದರೆ ಗೊತ್ತಾಗುತ್ತದೆ. ಸೇರುವ ಮೊದಲೇ ನೋಡುವ ದಾರಿಯೂ ಇದೆ. ಇಪಿಎಫ್‌ಒ ವೆಬ್‌ಸೈಟ್‌ನಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕಿದರೆ ಯಾವ ತಿಂಗಳು ಎಷ್ಟು ಜನರದ್ದು ಕಟ್ಟಿದ್ದಾರೆ ಅಂತ ಯಾರು ಬೇಕಾದರೂ ನೋಡಬಹುದು. "ನಮ್ಮ ಕಡೆ ಮುನ್ನೂರು ಹುಡುಗರು ಅದಾರ" ಅನ್ನುವವನು ಹನ್ನೆರಡು ಜನರ ಪಿಎಫ್ ಕಟ್ಟಿದ್ದರೆ ಮುಂದೆ ಮಾತಾಡುವ ಅಗತ್ಯವಿಲ್ಲ. ಇಎಸ್‌ಐ ನಂಬರನ್ನೂ ಬಿಡಬೇಡಿ. ಮಷಿನ್‌ಗೆ ಬೆರಳು ಸಿಕ್ಕ ದಿನ ಪಿಎಫ್‌ಗಿಂತ ಅದೇ ಮುಖ್ಯವಾಗುತ್ತದೆ.

ಇನ್ನೊಂದು ಹೊಸ ಚಾಳಿ ಬಂದಿದೆ, ನನಗೆ ಎಲ್ಲಕ್ಕಿಂತ ಹೆದರಿಕೆ ಅದರದೇ. ರೊಕ್ಕ ಕೇಳುವುದೇ ಇಲ್ಲ. "ಸ್ಯಾಲರಿ ಅಕೌಂಟ್ ತೆಗಿಸ್ತೀವಿ" ಅಂತ ಆಧಾರ್, ಪ್ಯಾನ್ ತಗೊಂಡು ಖಾತೆ ತೆರೆಸುತ್ತಾರೆ, ಹೊಸ ಸಿಮ್ ಕೊಡಿಸುತ್ತಾರೆ. ಆಮೇಲೆ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ "ಆಫೀಸಿನ್ಯಾಗ ಇರಲಿ" ಅಂತ ಇಟ್ಟುಕೊಳ್ಳುತ್ತಾರೆ. ಕೆಲಸ ಬರುವುದಿಲ್ಲ. ಎಲ್ಲಿಯದೋ ಸೈಬರ್ ವಂಚನೆಯ ರೊಕ್ಕ ಆ ಖಾತೆಯಲ್ಲಿ ಹಾಯ್ದು ಹೋಗುತ್ತದೆ, ಹೊರರಾಜ್ಯದ ಪೊಲೀಸರ ನೋಟಿಸ್ ಬರುವುದು ಹುಡುಗನ ಹೆಸರಿಗೆ. ಕುಂದಗೋಳ ಕಡೆಯ ಒಬ್ಬ ಇಂಥ ನೋಟಿಸ್ ಹಿಡಿದು ಬಂದು "ಸರ, ನಾ ಒಂದ ರೂಪಾಯಿನೂ ಕೊಟ್ಟಿಲ್ಲರಿ, ಇದು ಹೆಂಗ?" ಅಂತ ಕೇಳಿದ್ದ. ಎಟಿಎಂ ಕಾರ್ಡ್, ಸಿಮ್, ಒರಿಜಿನಲ್ ಮಾರ್ಕ್ಸ್ ಕಾರ್ಡ್, ಖಾಲಿ ಚೆಕ್ಕು, ಇವನ್ನು ಇಟ್ಟುಕೊಳ್ಳುವ ಹಕ್ಕು ಯಾವ ಕಾಂಟ್ರಾಕ್ಟರ್‌ಗೂ ಇಲ್ಲ. ಝೆರಾಕ್ಸ್ ಕೊಡಿ, ಅದರ ಮೇಲೆ ಯಾವ ಕೆಲಸಕ್ಕೆ, ಯಾವ ತಾರೀಖು ಅಂತ ಬರೆದು ಸಹಿ ಮಾಡಿ ಕೊಡಿ.

ರೈಲ್ವೆ ಮತ್ತು ಸರ್ಕಾರಿ ಹೊರಗುತ್ತಿಗೆಯದು ನನ್ನ ಕೆಲಸದ ವ್ಯಾಪ್ತಿಯಲ್ಲ, ಆದರೂ ಕೇಳುವವರು ಕೇಳುತ್ತಾರೆ. 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇರುವುದರಿಂದ "ಒಳಗ ನಮ್ಮವರದಾರ" ಅನ್ನುವ ಮಾತಿಗೆ ಇಲ್ಲಿ ಬೆಲೆ ಜಾಸ್ತಿ. ರೈಲ್ವೆಯ ಕಾಯಂ ಕೆಲಸ ನೇಮಕಾತಿ ಮಂಡಳಿ ಅಥವಾ ನೇಮಕಾತಿ ಕೋಶದ ಅಧಿಸೂಚನೆ, ಪರೀಕ್ಷೆಯ ಮೂಲಕ ಬರಬೇಕೇ ಹೊರತು ಸ್ಟೇಷನ್ ರೋಡಿನ ಲಾಡ್ಜಿನ ರೂಮಿನಿಂದ ಅಲ್ಲ. ಆಸ್ಪತ್ರೆ, ಕಚೇರಿಗಳ ಹೊರಗುತ್ತಿಗೆ ಡಿ ಗ್ರೂಪ್ ಕೆಲಸಕ್ಕೆ ಲಕ್ಷಗಟ್ಟಲೆ ಕೇಳುವವರು ಹೇಳುವುದು ಒಂದೇ: "ಮುಂದ ಪರ್ಮನೆಂಟ್ ಆಗತೈತಿ." ನೇಮಕಾತಿ ನಿಯಮ ಬಿಟ್ಟು ತಾತ್ಕಾಲಿಕವಾಗಿ ಬಂದವರಿಗೆ ಕಾಯಂ ಮಾಡಿ ಅಂತ ಕೇಳುವ ಹಕ್ಕು ತಾನಾಗಿ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ, ನಮ್ಮ ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ ಹೇಳಿದೆ. ಹೊಲ ಅಡವಿಟ್ಟು ಕೊಂಡ ಕೆಲಸ ಮುಂದಿನ ಟೆಂಡರ್‌ನಲ್ಲಿ ಏಜೆನ್ಸಿ ಬದಲಾದರೆ ಅಲ್ಲಿಗೆ ಮುಗಿಯಿತು.

ರೊಕ್ಕ ಕೊಟ್ಟಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಾನ ಹೋಗತೈತಿ ಅಂತ ಮನೆಯಲ್ಲೂ ಹೇಳದೆ ಒಂದು ವಾರ ಕಳೆಯುವವರೇ ಹೆಚ್ಚು. ಅಷ್ಟರಲ್ಲಿ ರೊಕ್ಕ ಖಾತೆಯಿಂದ ಖಾತೆಗೆ ಹಾರಿಬಿಟ್ಟಿರುತ್ತದೆ. ಬೇಗ ಹೇಳಿದರೆ ಅದು ಬಿದ್ದ ಖಾತೆಯಲ್ಲೇ ತಡೆಹಿಡಿಯುವ ಅವಕಾಶ ಇರುತ್ತದೆ. ಯುಪಿಐ ವಹಿವಾಟಿನ ನಂಬರ್, ಚಾಟ್‌ನ ಸ್ಕ್ರೀನ್‌ಶಾಟ್, ಆ ಲೆಟರ್, ಇವನ್ನು ಜೋಪಾನ ಮಾಡಿ. ಸಿಟ್ಟಿಗೆ ಚಾಟ್ ಅಳಿಸಬೇಡಿ, ಲೆಟರ್ ಹರಿಯಬೇಡಿ. ಹುಬ್ಬಳ್ಳಿ-ಧಾರವಾಡದಲ್ಲಿ ಇಂಥ ದೂರಿಗೆ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ ಇದೆ. ಮೊದಲಿನ 420 ಈಗ ಭಾರತೀಯ ನ್ಯಾಯ ಸಂಹಿತೆಯ ಕಲಂ 318. ದೂರು ಕೊಟ್ಟ ಮೇಲೆ "ನಿಮ್ಮ ರೊಕ್ಕ ವಾಪಸ್ ಮಂಜೂರಾಗೈತಿ, ಪ್ರೊಸೆಸಿಂಗ್ ಫೀ 950 ಹಾಕ್ರಿ" ಅಂತ ಫೋನ್ ಬಂದರೆ ಅದೂ ಅಂಥವರದೇ ಕೆಲಸ. ಆ ನಂಬರನ್ನೂ ದೂರಿಗೆ ಸೇರಿಸಿ.