ಟ್ಯುಪೆಲೊದ ಇನ್ನೊಬ್ಬ ವೀರ

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಟ್ಯುಪೆಲೊ ಅಂದರೆ ಇಲ್ಲಿ ಎಲ್ಲರಿಗೂ ಗಾಯಕ ಎಲ್ವಿಸ್ ಪ್ರೆಸ್ಲಿ. ಅವನು ಹುಟ್ಟಿದ ಪುಟ್ಟ ಮನೆ ಅಲ್ಲಿದೆ. ನಾವಿರುವ ಟೆನೆಸಿ ರಾಜ್ಯದ ಮೆಂಫಿಸ್‌ನಿಂದ ಕಾರಲ್ಲಿ ಒಂದೂವರೆ ಗಂಟೆ ದಾರಿ. ಊರಿಂದ ನೆಂಟರು ಬಂದರೆ ನಾವೂ ಕರೆದುಕೊಂಡು ಹೋಗುತ್ತೇವೆ. ಆದರೆ ಆ ಊರಲ್ಲಿ ನನಗೆ ತೋರಿಸಬೇಕು ಅನ್ನಿಸುವುದು ಬೇರೆಯವನನ್ನು.

ಫೇರ್‌ಪಾರ್ಕ್ ಅನ್ನೋ ಜಾಗದಲ್ಲಿ ನಗರಸಭೆ ಕಟ್ಟಡ ಇದೆ. ಅದರ ಮುಂದೆ ಪಿಯೊಮಿಂಕೊನ ಕಂಚಿನ ಪ್ರತಿಮೆ. ಅಮೆರಿಕದ ಮೂಲನಿವಾಸಿಗಳಾದ ಚಿಕಸಾ ಜನರ ಯೋಧ, ನಾಯಕ ಅವನು. 2005ರಲ್ಲಿ ನಿಲ್ಲಿಸಿದ್ದು. ಅಲ್ಲೇ ಹತ್ತಿರದಲ್ಲಿ ಎಲ್ವಿಸ್ ಕೂಡ ಕಂಚಿನಲ್ಲಿ ನಿಂತಿದ್ದಾನೆ. 1956ರಲ್ಲಿ ಇದೇ ಮೈದಾನದಲ್ಲಿ ಹಾಡುತ್ತಾ ಅಭಿಮಾನಿಗಳ ಕಡೆ ಕೈ ಚಾಚಿದ ಭಂಗಿ. ಎಲ್ಲರೂ ಆ ಕೈ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಎರಡನ್ನೂ ಮಾಡಿದವರು ಒಬ್ಬರೇ, ಮಿಸಿಸಿಪ್ಪಿಯ ಶಿಲ್ಪಿ ವಿಲಿಯಂ ಬೆಕ್‌ವಿತ್. ಪಿಯೊಮಿಂಕೊನ ಮುಂದೆ ಮಾತ್ರ ಅಂಥ ಗುಂಪು ನಾನು ಕಂಡಿಲ್ಲ.

ಟ್ಯುಪೆಲೊ ಸುತ್ತಮುತ್ತಲ ನೆಲವೇ ಚಿಕಸಾ ಜನರ ಮೂಲ ಊರು. ಜನ ಕಡಿಮೆ, ಆದರೆ ಸೋಲಿಸುವುದು ಕಷ್ಟ ಅಂತ ಹೆಸರು. 1541ರಲ್ಲಿ ಸೈನ್ಯ ಕಟ್ಟಿಕೊಂಡು ಬಂದ ಸ್ಪೇನಿನ ಡಿ ಸೋಟೊ ಹೊರೆ ಹೊರಲು ಆಳು ಕೇಳಿದ. ಅವರು ರಾತ್ರೋರಾತ್ರಿ ಬಂದು ಅವನ ಬಿಡಾರಕ್ಕೇ ಬೆಂಕಿ ಇಟ್ಟರು. 1736ರಲ್ಲಿ ಫ್ರೆಂಚರು ಎರಡು ಕಡೆಯಿಂದ ಎರಡು ಸೈನ್ಯ ತಂದರು. ಉತ್ತರದಿಂದ ಬಂದದ್ದು ಮಾರ್ಚ್‌ನಲ್ಲೇ ಸೋತಿತು. ದಕ್ಷಿಣದಿಂದ ಬರಬೇಕಿದ್ದ ಬಿಯೆನ್‌ವಿಲ್, ನ್ಯೂ ಆರ್ಲಿಯನ್ಸ್ ಊರು ಕಟ್ಟಿದವನು, ತಲುಪಿದ್ದು ಮೇ ತಿಂಗಳಲ್ಲಿ. ಅವನೂ ಪೆಟ್ಟು ತಿಂದು ವಾಪಸ್ಸು.

ಪಿಯೊಮಿಂಕೊ ಇದೆಲ್ಲ ಆದಮೇಲಿನ ತಲೆಮಾರು. ಅವನು ಆರಿಸಿಕೊಂಡದ್ದು ಹೊಸದಾಗಿ ಹುಟ್ಟಿದ ಅಮೆರಿಕದ ಸ್ನೇಹ. ತನ್ನವರಲ್ಲೇ ಕೆಲವರು ಸ್ಪೇನಿನ ಕಡೆ ವಾಲಿದ್ದರೂ ಇವನು ಬಗ್ಗಲಿಲ್ಲ. 1791ರಲ್ಲಿ ಅಮೆರಿಕದ ಸೈನ್ಯದ ಜೊತೆ ಬೇಹಿನ ಕೆಲಸಕ್ಕೆ ತನ್ನ ಯೋಧರನ್ನು ಕರೆದುಕೊಂಡು ಉತ್ತರಕ್ಕೆ ಹೋದ. 1794ರಲ್ಲಿ ಫಿಲಡೆಲ್ಫಿಯಾಕ್ಕೆ ಹೋಗಿ ಜಾರ್ಜ್ ವಾಷಿಂಗ್ಟನ್‌ನನ್ನೇ ಕಂಡ. ವಾಷಿಂಗ್ಟನ್ ಅವನಿಗೆ ಶಾಂತಿ ಪದಕ ಕೊಟ್ಟ. ಚಿಕಸಾ ನೆಲದ ಗಡಿ ಇದು, ಯಾರೂ ಒಳಗೆ ನುಗ್ಗಬಾರದು ಅಂತ ಕಾಗದಕ್ಕೆ ಸಹಿಯನ್ನೂ ಹಾಕಿದ.

ನಡುವೆ ಸುಮ್ನೆ ಒಂದು ಮಾತು. 1781ರಲ್ಲಿ ಇದೇ ವಾಷಿಂಗ್ಟನ್‌ಗೆ ಶರಣಾದ ಕಾರ್ನ್‌ವಾಲಿಸ್ಸೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡದ್ದು. ಶಾಲೆಯಲ್ಲಿ ಎರಡನ್ನೂ ಓದಿದ್ದೆವು, ಬೇರೆ ಬೇರೆ ಪಾಠದಲ್ಲಿ.

ವಾಷಿಂಗ್ಟನ್ ಸಹಿ ಹಾಕಿದ ಆ ಕಾಗದ ಎಷ್ಟು ದಿನ ಬಾಳಿತು? 1818ರಲ್ಲಿ ಟೆನೆಸಿಯ ಪಶ್ಚಿಮ ಭಾಗವನ್ನು ಚಿಕಸಾ ಜನ ಬಿಟ್ಟುಕೊಡಬೇಕಾಯಿತು. ಸರ್ಕಾರದ ಕಡೆಯಿಂದ ಮಾತಾಡಲು ಬಂದ ಇಬ್ಬರಲ್ಲಿ ಆಂಡ್ರ್ಯೂ ಜಾಕ್ಸನ್ ಒಬ್ಬ. ಮುಂದಿನ ವರ್ಷವೇ ಆ ನೆಲದಲ್ಲಿ ಮೆಂಫಿಸ್ ಊರು ಕಟ್ಟಿದ ಮೂವರಲ್ಲೂ ಅವನು ಒಬ್ಬ! ನಾವು ಬಾಡಿಗೆ ಕಟ್ಟಿಕೊಂಡು ಇರುವುದೂ ಅದೇ ನೆಲದ ಮೇಲೆ. 1832ರಲ್ಲಿ, ಅವನೇ ಅಧ್ಯಕ್ಷನಾಗಿದ್ದಾಗ, ಮಿಸಿಸಿಪ್ಪಿಯಲ್ಲಿ ಉಳಿದಿದ್ದ ನೆಲವೂ ಹೋಯಿತು. 1837ರಿಂದ ಜನ ಗಂಟುಮೂಟೆ ಕಟ್ಟಿ ಪಶ್ಚಿಮಕ್ಕೆ, ಈಗಿನ ಒಕ್ಲಹೋಮಾಕ್ಕೆ ಹೊರಟರು. ಅಲ್ಲಿ ಇರೋದಕ್ಕೆ, ಮೊದಲೇ ಅಲ್ಲಿದ್ದ ಇನ್ನೊಂದು ಮೂಲನಿವಾಸಿ ಜನಾಂಗವಾದ ಚೊಕ್ಟಾ ಜನರಿಗೆ 5,30,000 ಡಾಲರ್ ಕೊಡಬೇಕಾಯಿತು. ಶತ್ರುವಾಗಿದ್ದವರನ್ನಲ್ಲ, ಜೊತೆಗೆ ನಿಂತವರನ್ನು ಹೀಗೆ ಕಳಿಸಿದ್ದು. ಪ್ರತಿಮೆ ಚೆನ್ನಾಗಿದೆ, ನಿಲ್ಲಿಸಿದ್ದೂ ಒಳ್ಳೆಯದೇ. ಆದರೆ ಕಂಚಿನ ಯೋಧನಿಗೆ ಕೈ ಮುಗಿಯುವುದು ಸುಲಭ, ಅಲ್ವಾ? ಅವನ ಜನ ಈಗ ಯಾಕೆ ಇಲ್ಲಿಲ್ಲ ಅನ್ನೋದನ್ನೂ ಕೇಳಬೇಕು.

ಹಾಗಂತ ಅವರು ಕಳೆದುಹೋದವರೂ ಅಲ್ಲ. ಒಕ್ಲಹೋಮಾದ ಏಡಾದಲ್ಲಿ ಚಿಕಸಾ ನೇಷನ್ನಿನ ಆಡಳಿತ ಕಚೇರಿ ಇದೆ. ಅವರದ್ದೇ ಗವರ್ನರ್, ಅವರದ್ದೇ ಆಸ್ಪತ್ರೆ, ಕ್ಯಾಸಿನೊ. 2002ರಲ್ಲಿ ಬಾಹ್ಯಾಕಾಶಕ್ಕೆ ಹೋದ ಜಾನ್ ಹೆರಿಂಗ್ಟನ್ ಚಿಕಸಾ ಮನುಷ್ಯ.

ಟ್ಯುಪೆಲೊಗೆ ಹೋದರೆ ಪ್ರತಿಮೆ ಮಾತ್ರ ನೋಡಿ ವಾಪಸ್ಸಾಗಬೇಡಿ. ಊರಾಚೆ ನ್ಯಾಚೆಜ್ ಟ್ರೇಸ್ ರಸ್ತೆಯಲ್ಲಿ ಹಳೆಯ ಚಿಕಸಾ ಹಳ್ಳಿ ಇದ್ದ ಜಾಗ ಇದೆ. ಲಾರಿ ಇಲ್ಲದ, ಜಾಹೀರಾತು ಬೋರ್ಡ್ ಇಲ್ಲದ ರಸ್ತೆ. ಹಳ್ಳಿ ಅಂದರೆ ಈಗ ಬರೀ ಹುಲ್ಲು. ಮನೆ ಮತ್ತು ಕೋಟೆ ಎಲ್ಲಿದ್ದವು ಅಂತ ನೆಲದಲ್ಲಿ ಗುರುತು ಹಾಕಿದ್ದಾರೆ. ಬೇಸಿಗೆಗೆ ಉದ್ದನೆಯ ಮನೆ. ಚಳಿಗೆ ದಪ್ಪ ಮಣ್ಣಿನ ಗೋಡೆಯ ಗುಂಡು ಮನೆ. ಚಳಿಮನೆಯ ಗುರುತಿನೊಳಗೆ ನಿಂತರೆ ಅಳತೆ ಗೊತ್ತಾಗುತ್ತದೆ. ಪಕ್ಕದಲ್ಲೇ ಸಣ್ಣ ಕಾಲುದಾರಿ, ಅವರು ಔಷಧಿಗೆ, ಊಟಕ್ಕೆ ಬಳಸುತ್ತಿದ್ದ ಗಿಡಗಳ ನಡುವೆ. ಜುಲೈನಲ್ಲಿ ಬಿಸಿಲು ಜಾಸ್ತಿ, ಬಯಲಲ್ಲಿ ನೆರಳಿಲ್ಲ. ಅಪ್ಪ ಅಮ್ಮ ಜೊತೆಗಿದ್ದರೆ ಬೆಳಿಗ್ಗೆಯೇ ಹೋಗಿ, ಚಿತ್ರಾನ್ನ ಮೊಸರನ್ನ ಕಟ್ಟಿಕೊಂಡು ಹೋಗಿ.