ಎರಡೂವರೆ ಜೋಗ ಇಳಿದು ಹತ್ತಿದ್ದು

ಸಾಗರದ ಕಡೆಯವ್ರಿಗೆ ಆಳ ಅಂದ್ರೆ ಜೋಗದ ಗುಂಡಿನೇ ಲೆಕ್ಕ. ಹಂಗಾಗಿ ಫೀನಿಕ್ಸ್‌ನಲ್ಲಿರೋ ಅಕ್ಕನ ಮನೆಗೆ ಹೋದಾಗ ಭಾವ ಗ್ರ್ಯಾಂಡ್ ಕ್ಯಾನ್ಯನ್ ಒಳಗೆ ಇಳಿಯೋಣ್ವಾ ಅಂದ್ರೆ, ಜೋಗದ ಮೆಟ್ಲು ಎಷ್ಟ್ ಸಲ ಇಳಿದು ಹತ್ತಿಲ್ಲ, ಇದೇನ್ ಮಹಾ ಅನ್ಕೊಂಡೆ.

ಸೌತ್ ಕೈಬಾಬ್ ಟ್ರೇಲ್, ಅಕ್ಟೋಬರ್, ಬೆಳಗ್ಗೆ ಸ್ವೆಟರ್ ಚಳಿ. ಮೇಲಿಂದ ಕೊಲರಾಡೋ ನದಿ ತನಕ ಸುಮಾರು 1,450 ಮೀಟರ್ ಇಳಿತ, ನಮ್ ಜೋಗ 253, ಅಂದ್ರೆ ಹೆಚ್ಚುಕಮ್ಮಿ ಆರು ಜೋಗ ಒಂದರ ಕೆಳಗೊಂದು! ಒಂದೇ ದಿನಕ್ಕೆ ನದಿಗಿಳಿದು ವಾಪಸ್ ಬರೋ ಸಾಹಸ ಬೇಡ ಅಂತ ಪಾರ್ಕಿನವ್ರೇ ಹೇಳ್ತಾರೆ, ಅದಕ್ಕೆ ದಾರಿ ಮಧ್ಯ ಸಿಗೋ ಸ್ಕೆಲಿಟನ್ ಪಾಯಿಂಟ್ ತನಕ ಸಾಕು ಅಂದ್ವಿ, ಎರಡೂವರೆ ಜೋಗ.

ಮಣ್ಣು ಕೊಚ್ಚಿ ಹೋಗ್ದೇ ಇರ್ಲಿ ಅಂತ ದಾರಿಗೆ ಅಡ್ಡ ದಿಮ್ಮಿ ಹಾಕಿದಾರೆ, ಆದ್ರೆ ಹೇಸರಗತ್ತೆಗಳು ತುಳಿದೂ ತುಳಿದೂ ದಿಮ್ಮಿ ಪಕ್ಕ ಗುಂಡಿ ಬಿದ್ದು ಒಂದೊಂದು ಹೆಜ್ಜೆಗೂ ಮಂಡಿ ಧಡ್ ಅನ್ನುತ್ತೆ. ಆ ಕತ್ತೆ ಸಾಲು ಬಂತು ಅಂದ್ರೆ ಬಂಡೆ ಕಡೆ ಒತ್ತರಿಸಿ ಅಲ್ಲಾಡ್ದೇ ನಿಲ್ಬೇಕು. ಇಡೀ ದಾರೀಲಿ ನಾನು ಕಂಡ ಒದ್ದೆ ಜಾಗ ಅಂದ್ರೆ ಅವು ಉಚ್ಚೆ ಹೊಯ್ದಿದ್ದು ಮಾತ್ರ, ಸತ್ಯವಾಗ್ಲೂ. ನಲ್ಲಿ ಇಲ್ಲ, ಝರಿ ಇಲ್ಲ, ನೆರಳೂ ಅಷ್ಟಕ್ಕಷ್ಟೇ. ನಮ್ ಕಡೆ ಥರ ರಕ್ತ ಹೀರೋ ಇಂಬಳ ಇಲ್ವಲ್ಲ ಅಂತ ಖುಷಿಯಾಗಿದ್ದೆ.

ಸೀಡರ್ ರಿಡ್ಜ್ ಹತ್ರ ನೆಲ ಪೂರ್ತಿ ಕೆಂಪು, ಥೇಟ್ ನಮ್ಮೂರ ರಸ್ತೆ ಧೂಳು. ಒಂದು ಜೋಗಕ್ಕಿಂತ ಜಾಸ್ತಿನೇ ಇಳಿದಿದ್ವಿ, ನದಿ ಇನ್ನೂ ಕಾಣ್ತಿಲ್ಲ.

ನಾನು ಮೋಸ ಹೋಗಿದ್ದು ಬೆವರಲ್ಲಿ. ನಮ್ಮಲ್ಲಿ ಬೆವರಿದ್ರೆ ಅಂಗಿ ಬೆನ್ನಿಗೆ ಅಂಟುತ್ತೆ, ಇಲ್ಲಿ ಅಂಗಿ ಗರಿಗರಿ, ಬೆವರೇ ಇಲ್ಲ ನೀರ್ಯಾಕೆ ಅಂತ ಬಾಟ್ಲಿ ಮುಟ್ಲೇ ಇಲ್ಲ. ಸ್ಕೆಲಿಟನ್ ಪಾಯಿಂಟಲ್ಲಿ ಬ್ಯಾಗ್ ಇಳಿಸಿದಾಗ ಭಾವ "ನೋಡ್ಕೋ ಮಾರಾಯ" ಅಂತ ತೋರಿಸಿದ್ರು, ಕಪ್ಪು ಟೀಶರ್ಟ್ ಮೇಲೆ ಬ್ಯಾಗಿನ ಪಟ್ಟಿ ಉದ್ದಕ್ಕೂ ಬೆಳ್ಳಗೆ ಉಪ್ಪಿನ ಗೆರೆ. ಬೆವರು ಬಂದಂಗೆ ಬಂದಂಗೆ ಆರಿಹೋಗಿತ್ತು. ಅಲ್ಲಿಂದಲೇ ನದಿ ಮೊದಲ ಸಲ ಕಂಡಿದ್ದು, ದಾರದಷ್ಟು, ಆದ್ರೆ ನನಗೆ ತಲೆನೋವು ಶುರುವಾಗಿ ನೋಡೋ ಮನಸ್ಸಿರ್ಲಿಲ್ಲ.

ಕೊಡಚಾದ್ರಿಯಲ್ಲಿ ಸುಸ್ತಾದ್ರೆ ತಿರುಗಿ ಇಳಿದ್ರಾಯ್ತು, ಇಲ್ಲಿ ಸುಸ್ತಾದಾಗ್ಲೇ ಹತ್ತೋದು ಶುರು, ಈ ಉಲ್ಟಾ ಲೆಕ್ಕ ಮೊದ್ಲೇ ತಲೆಗೆ ಹೋಗ್ಬೇಕಿತ್ತು. ಭಾವ ಡಬ್ಬಿಯಿಂದ ಒಂದು ಅಪ್ಪೆಮಿಡಿ ಉಪ್ಪಿನಕಾಯಿ ತೆಗ್ದು ಕೊಟ್ರು, ಅದನ್ನ ಚೀಪ್ತಾ ಗುಟುಕು ಗುಟುಕಾಗಿ ನೀರು ಕುಡೀತಾ ಹತ್ತಿದೆ, ಇಳಿದಿದ್ದರ ಡಬಲ್ ಟೈಮ್ ಆಯ್ತು.

ರಾತ್ರಿ ಅಕ್ಕ ಟೀಶರ್ಟ್ ಎತ್ತಿ ನೋಡಿ, "ಏನೋ, ಉಪ್ಪಿನಕಾಯಿ ಭರಣಿಗೆ ಬಿದ್ದಿದ್ಯಾ?" ಅಂದ್ಲು.